ತೋಳನಾಯಿ ಮನೆಯ ಬಾಣಂತನ

ನವೆಂಬರ್ 6, 2024

ಚಿಂಬಲ್‌ನ ತಗಡಿನ ಖೋಲಿ ಬಿಟ್ಟು ಇವತ್ತು ಉಸಗಾಂವದ ಗುಡ್ಡದ ಮೇಲಿನ ಈ ಬಂಗಲೆಗೆ ಬಂದೆ. ಕೆಲಸದ ಆಸೆಗೆ ಬಂದವಳಲ್ಲ. ಬುಟ್ಟಿ ಹೊರುವ ಕೆಲಸ ಗೋವಾದಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ. ಬಂದದ್ದು ಖೋಲಿಯ ಆಸೆಗೆ. ಬಂಗಲೆಯ ಹಿಂದೆ ಆಳುಗಳಿಗೆಂದು ಎರಡು ಕೋಣೆ ಕಟ್ಟಿಸಿದ್ದಾರೆ. ನುಣ್ಣನೆಯ ನೆಲ, ಒಳಗೇ ಬಚ್ಚಲು, ಬಚ್ಚಲಿನಲ್ಲಿ ನಲ್ಲಿ. ಆ ನಲ್ಲಿಯನ್ನು ಸುಮ್ಮನೆ ತಿರುವಿ ನೋಡಿದೆ. ಬಂದ್ ಮಾಡಿದೆ. ಮತ್ತೆ ತಿರುವಿದೆ.

ಹೋದ ಸಲ ನನ್ನ ಮಗಳು ನಂದಾ ಆರು ತಿಂಗಳ ಬಸುರಿ ಇದ್ದಾಗ, ದಾಬೋಲಿಮ್‌ನಲ್ಲಿ ಬೀದಿ ನಲ್ಲಿಯ ಹತ್ತಿರ ಪಾಚಿಯ ಮೇಲೆ ಕೊಡ ಹೊತ್ತು ಜಾರಿದಳು. ಕೂಸು ಉಳಿಯಲಿಲ್ಲ. ಈಗ ಮತ್ತೆ ಐದರಲ್ಲಿದ್ದಾಳೆ. ಈ ಸಲ ಅವಳ ಬಾಣಂತನ ನೀರು ಒಳಗೆ ಬರುವ ಮನೆಯಲ್ಲಿ ಆಗಬೇಕು. ಊರಲ್ಲಿ ಅವಳಿಗೆ ತವರು ಎನ್ನುವಂಥದ್ದೇನೂ ಉಳಿದಿಲ್ಲ. ಅವಳ ಅಪ್ಪ ಹೋದ ಮೇಲೆ ನಾನು ಎಲ್ಲಿರುತ್ತೇನೋ ಅದೇ ಅವಳ ತವರು.

ಈ ಕೆಲಸ ಕೊಡಿಸಿದ್ದು ಸಾಹೇಬರ ಡ್ರೈವರ್ ಉಸ್ಮಾನ. "ಬರೇ ಎರಡು ನಾಯಿ ಸತ್ಯಕ್ಕಾ. ಹಾಕೋದು, ತೊಳಿಯೋದು. ಸಾಹೇಬ್ರು ಮುಂಬೈದಾಗ ಇರ್ತಾರ, ತಿಂಗಳಿಗೊಮ್ಮಿ ಬಂದ್ರ ಬಂದ್ರು," ಎಂದಿದ್ದ. ಜಾಲರಿಯ ಹಿಂದೆ ಅವು ಎದ್ದು ನಿಂತವು. ಉದ್ದನೆಯ ಕಾಲು, ಕಿರಿದಾದ ಎದೆ, ಹಳದಿ ಕಣ್ಣು. ಬೊಗಳಲಿಲ್ಲ. ಸುಮ್ಮನೆ ನೋಡಿದವು.

"ಉಸ್ಮಾನಾ, ಇವು ನಾಯಿ ಅಲ್ಲೋ. ತೋಳ."

"ಅರ್ಧಾ ತೋಳ ಅಕ್ಕಾ. ಹೊರದೇಶದ ತಳಿ. ಅರ್ಧಾ ನಾಯಿ ಐತಲ್ಲ, ಆ ಅರ್ಧದ ಕಡಿ ನಿಂತು ಹಾಕು."

ಕುರುಬರ ಮನೆಯಲ್ಲಿ ಹುಟ್ಟಿ, ಕುರಿಯ ಹಿಂದೆ ಬೆಳೆದವಳು ನಾನು. ನಮ್ಮಪ್ಪ ಇವನ್ನು ನೋಡಿದ್ದರೆ ಮೊದಲು ಕವಣೆ ತೆಗೆದು ಆಮೇಲೆ ಹೆಸರು ಕೇಳುತ್ತಿದ್ದ. ಇರಲಿ. ನಂದಾಳ ಬಾಣಂತನ ಮುಗಿಯುವವರೆಗೆ ತೋಳಕ್ಕೂ ಕೂಳು ಹಾಕುತ್ತೇನೆ.

ನವೆಂಬರ್ 13

ಮಾತನಾಡಲು ಯಾರೂ ಇಲ್ಲ. ಏಳನೇ ಇಯತ್ತೆಯವರೆಗೆ ಕಲಿತ ಅಕ್ಷರ ಇಷ್ಟು ದಿನ ಹಾಡು ಬರೆದುಕೊಳ್ಳಲು ಮಾತ್ರ ಬಳಕೆಯಾಗಿತ್ತು. ಈಗ ಹಾಡಿನ ವಹಿಯ ಹಿಂದಿನ ಪುಟಗಳಲ್ಲಿ ಇದನ್ನು ಬರೆಯುತ್ತಿದ್ದೇನೆ.

ಇವುಗಳಿಗೆ ಸಾಹೇಬರು ಇಟ್ಟ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಗಂಡಿಗೆ ಬೂದಿ ಬಣ್ಣ, ಅದಕ್ಕೆ ಬೂದ್ಯಾ ಅಂದೆ. ಹೆಣ್ಣಿನ ಮುಖದಲ್ಲಿ ಬಿಳಿ ಇದೆ, ಅದು ಚಂದ್ರಿ. ಒಡಹುಟ್ಟಿದವು, ಎರಡು ವರ್ಷದ ಮೇಲಾಗಿದೆ. ಬೂದ್ಯಾನ ಬೀಜ ತೆಗೆಸಿದ್ದಾರೆ. ಚಂದ್ರಿಯನ್ನು ಹಾಗೇ ಬಿಟ್ಟಿದ್ದಾರೆ.

ದಿನಕ್ಕೆ ಒಂದು ಸಲ ಕೋಳಿ, ವಾರಕ್ಕೊಮ್ಮೆ ದನದ ಎಲುಬು. ಉಸ್ಮಾನ ಚೀಲ ತಂದು ಗೇಟಿನಲ್ಲಿಟ್ಟು ಓಡುತ್ತಾನೆ. ಊರ ನಾಯಿಗೆ ಬೈದರೆ ಬಾಲ ಮುದುರುತ್ತದೆ. ಇವುಗಳಿಗೆ ಬೈದರೆ, ಯಾರಿಗೋ ಬೈಯುತ್ತಿದ್ದಾಳೆ ಪಾಪ ಎನ್ನುವಂತೆ ನನ್ನ ಬೆನ್ನ ಹಿಂದೆ ನೋಡುತ್ತವೆ. ನಿನ್ನೆ ಬಂಗಲೆಯ ಬಾಗಿಲಿನ ಹಿಡಿಕೆಯನ್ನು ಚಂದ್ರಿ ಮುಂಗಾಲಿನಿಂದ ಒತ್ತಿ ತೆಗೆದು ಒಳಗೆ ಹೋದಳು. ನಾನು ಹೋಗುವಷ್ಟರಲ್ಲಿ ಸೋಫಾದ ಹತ್ತಿ ಜಾತ್ರೆಯ ಮಂಡಕ್ಕಿಯಂತೆ ಹರಡಿತ್ತು. ಬೂದ್ಯಾ ಅದರ ನಡುವೆ ಮಠದ ಸ್ವಾಮಿಯ ಹಾಗೆ ಕೂತಿದ್ದ. ಸಿಟ್ಟು ಬರಬೇಕಾಗಿತ್ತು, ನಗು ಬಂತು. ಇಲ್ಲಿಗೆ ಬಂದ ಮೇಲೆ ಮೊದಲ ಸಲ ನಕ್ಕದ್ದು.

ನವೆಂಬರ್ 28

ನಂದಾಳ ಫೋನು. ಕೂಸು ಒದೆಯುತ್ತಿದೆಯಂತೆ. ನನಗೆ ಹಾಡು ಬಂತು. ಫೋನು ಕೆಳಗಿಟ್ಟು, ಅಂಗಳ ಗುಡಿಸುತ್ತ ಬೀಸುವ ಪದ ಎತ್ತಿದೆ. ಎರಡನೇ ಸೊಲ್ಲಿಗೆ ಹಿಂದಿನಿಂದ ಒಂದು ದನಿ ಕೂಡಿತು. ಚಂದ್ರಿ ಮುಖ ಮೇಲೆತ್ತಿ ಊಳಿಡುತ್ತಿದ್ದಳು. ನಾನು ಏರಿಸಿದರೆ ಅವಳೂ ಏರಿಸಿದಳು, ಇಳಿಸಿದರೆ ಇಳಿಸಿದಳು. ಆಮೇಲೆ ಬೂದ್ಯಾನೂ ಕೂಡಿದ. ಕೂಡಿ ಹಾಡುವವರು ಸಿಕ್ಕು ಎಷ್ಟು ವರ್ಷವಾಗಿತ್ತು!

ಹಾಡು ಮುಗಿದ ಮೇಲೆ ಚಂದ್ರಿ ಬಂದು ನನ್ನ ಮಣಿಕಟ್ಟನ್ನು ಬಾಯಲ್ಲಿ ಹಿಡಿದಳು. ಹಲ್ಲು ತಾಗಿತು, ನಾಟಲಿಲ್ಲ. ಹೆಂಡತಿಯ ಕೈ ಹಿಡಿದು ಹೊಲ ತೋರಿಸುವ ಹೊಸ ಗಂಡನಂತೆ ಅಂಗಳವೆಲ್ಲ ತಿರುಗಿಸಿದಳು.

ಡಿಸೆಂಬರ್ 15

ಇವತ್ತು ಜಗಳ. ಗುಡ್ಡದ ಕೆಳಗೆ ಧಾಮಿಬಾಯಿ ಇದ್ದಾಳೆ, ವಿಜಯಪುರದ ಕಡೆಯ ಲಂಬಾಣಿ ಹೆಣ್ಣುಮಗಳು. ಗಂಡ ಗಣಿಯಲ್ಲಿದ್ದ, ಗಣಿ ನಿಂತ ಮೇಲೆ ಆಡು ಕಟ್ಟಿ ಬದುಕುತ್ತಾಳೆ. ನನ್ನ ಭಾಷೆ ಆಡುವವಳು ಈ ಗುಡ್ಡದಲ್ಲಿ ಅವಳೊಬ್ಬಳೇ. ನಿನ್ನೆ ರಾತ್ರಿ ಬೂದ್ಯಾ ಗೋಡೆ ಹಾರಿ ಹೋಗಿ ಅವಳ ಮರಿಯೊಂದನ್ನು ಮುರಿದು ಬಂದ. ಆಳೆತ್ತರದ ಗೋಡೆ, ಅದರ ಮೇಲೆ ಗಾಜು. ಹೇಗೆ ಹಾರಿದನೋ.

ಧಾಮಿಬಾಯಿ ಸತ್ತ ಮರಿಯನ್ನು ತಂದು ಗೇಟಿನ ಮುಂದೆ ಹಾಕಿದಳು. "ಏ ಸತ್ಯವ್ವಾ! ಹೊರಗ ಬಾ. ನಿನ್ನ ಮಕ್ಕಳು ಉಂಡು ಬಿಟ್ಟದ್ದು ಐತಿ, ಒಯ್ಯಿ."

"ಬೀದಿ ನಾಯಿ ಹಿಡದಿರಬೇಕ ನೋಡಬೇ."

"ಬೀದಿ ನಾಯಿ ಗಂಟಲಾ ಹಿಂಗ ಕೊಯ್ದಿಡತೈತೇನ? ನೀ ಕುರುಬರ ಮಗಳ ಹೌದಲ್ಲೋ? ನಿಮ್ಮಪ್ಪ ತೋಳಕ್ಕ ಬೆನ್ನ ಹತ್ತಿದ, ನೀ ತಾಟ ಹಚ್ಚಾಕತ್ತಿ!"

ನಾನು ಮತ್ತೆ ಬೀದಿ ನಾಯಿ ಅಂದೆ. ಅವಳು ಉಗುಳಿ ಹೋದಳು. ಬೂದ್ಯಾನ ಮೂತಿಯ ರಕ್ತವನ್ನು ಬೆಳಿಗ್ಗೆಯೇ ತೊಳೆದಿದ್ದೆ. ಗಾಜು ತಾಗಿ ಅವನ ಅಂಗಾಲು ಸೀಳಿತ್ತು. ಅರಿಶಿನ ಕಟ್ಟಿದೆ. ಪಾಪ, ಕುಂಟುತ್ತಿದ್ದಾನೆ.

ಜನವರಿ 12, 2025

ನಂದಾ ಬಂದಳು. ಅಳಿಯ ಬಾಳು ರಿಕ್ಷಾದಲ್ಲಿ ಕರೆತಂದ. ಏಳು ತುಂಬಿದ ಹೊಟ್ಟೆ, ಬಾಡಿದ ಮುಖ. ಬಚ್ಚಲಿನ ನಲ್ಲಿ ತೋರಿಸಿದೆ. ಅವಳೂ ತಿರುವಿ ನೋಡಿ ನಕ್ಕಳು. ಆ ನಗು ನೋಡಿ, ಇಲ್ಲಿಗೆ ಬಂದದ್ದು ಸಾರ್ಥಕವಾಯಿತು ಅನಿಸಿತು.

ಬಾಳುವನ್ನು ಕಂಡರೆ ಬೂದ್ಯಾನಿಗೆ ಆಗಲಿಲ್ಲ, ತುಟಿ ಎತ್ತಿದ. "ಅತ್ತಿ, ಇವನ್ನ ಕಟ್ಟಿ ಹಾಕ್ರಿ. ಬಸುರಿ ಹೆಂಗಸು ಇರೂ ಜಾಗಾ," ಎಂದ ಬಾಳು.

"ಜಾಲರಿ ಐತಲ್ರಿ. ನನ್ನ ಮಾತ ಮೀರಂಗಿಲ್ಲ ಅವು."

ಒಂದು ತೊಂದರೆ. ನನ್ನ ಒಳಕೋಣೆಯ ನೆಲ ತಂಪೆಂದು ಚಂದ್ರಿ ಈಚೆಗೆ ಅಲ್ಲೇ ಮಲಗುತ್ತಿದ್ದಳು. ಅಷ್ಟು ದಪ್ಪ ಮೈಕೂದಲು ಹೊತ್ತು ಈ ಗೋವಾದ ಸೆಖೆಯಲ್ಲಿ ಅವಳು ಪಡುವ ಪಾಡು ದೇವರಿಗೇ ಗೊತ್ತು. ಇವತ್ತು ಅವಳನ್ನು ಹೊರಗೆ ಹಾಕಿ ನಂದಾಳಿಗೆ ಹೊರಸು ಹಾಕಿದೆ. ಚಂದ್ರಿ ಬಾಗಿಲಿನ ಹೊರಗೆ ಕೂತು ಸಣ್ಣ ದನಿಯಲ್ಲಿ ಅತ್ತಳು. ಊಟ ಮುಟ್ಟಲಿಲ್ಲ. ಕೈಯಲ್ಲಿ ಹಿಡಿದು ಉಣಿಸಿದ ಮೇಲೆ ನಾಲ್ಕು ತುಂಡು ತಿಂದಳು. ಅಲ್ಲಿಯವರೆಗೆ ನಂದಾ ಊಟಕ್ಕೆ ಕಾದಿದ್ದಳಂತೆ, ನನಗೆ ಗೊತ್ತಾಗಲಿಲ್ಲ.

ಜನವರಿ 26

ನಂದಾಳ ತಲೆಗೆ ಎಣ್ಣೆ ಹಚ್ಚುತ್ತ ನಮ್ಮಪ್ಪನ ಕಥೆ ಹೇಳಿದೆ. ತೋಳ ಮತ್ತು ನಾಯಿ ಅಣ್ಣತಮ್ಮ. ಮನೆ ಪಾಲಾಯಿತು. ಒಬ್ಬನಿಗೆ ಒಲೆಯ ಬದಿ, ಇನ್ನೊಬ್ಬನಿಗೆ ಗುಡ್ಡ. ಒಲೆಯ ಬದಿಯವನಿಗೆ ರೊಟ್ಟಿಯೂ ಉಂಟು, ಒದೆಯೂ ಉಂಟು. ಗುಡ್ಡದವನಿಗೆ ಎರಡೂ ಇಲ್ಲ. ವರ್ಷಕ್ಕೊಂದು ದಿನ ಜಾಗ ಅದಲುಬದಲು ಮಾಡೋಣ ಎಂದು ಮಾತಾಯಿತು. ಆ ಒಂದು ದಿನ ಹುಟ್ಟಿದ ಮರಿಗಳಿಗೆ ಒಲೆಯೂ ಪರಕೀಯ, ಗುಡ್ಡವೂ ಪರಕೀಯ.

"ಆಮ್ಯಾಲ ಅವು ಏನಾದವು?" ಎಂದಳು ನಂದಾ.

"ಇಲ್ಲೇ ಅದಾವಲ್ಲ, ಜಾಲರಿ ಒಳಗ," ಎಂದೆ. ಅವಳು ನಗಲಿಲ್ಲ. "ಅವ್ವಾ, ನಾ ಬಂದಾಗಿಂದ ಅಂಗಳಕ್ಕ ಕಾಲಿಟ್ಟಿಲ್ಲ. ಅವು ನನ್ನ ಹೊಟ್ಟಿ ನೋಡತಾವ. ಮುಖಾ ನೋಡಂಗಿಲ್ಲ, ಹೊಟ್ಟಿ ನೋಡತಾವ."

ಬಸುರಿಯರಿಗೆ ಏನೇನೋ ಅನಿಸುತ್ತದೆ.

ಫೆಬ್ರವರಿ 9

ಒಂದು ತಮಾಷೆ. ಅನ್ನ ಬಡಿಸಿಟ್ಟು "ಚಂದ್ರೀ, ಬಾ ಉಣ್ಣಾಕ" ಎಂದು ನಂದಾಳನ್ನು ಕರೆದೆನಂತೆ. "ಅವ್ವಾ, ನಾ ಚಂದ್ರಿ ಅಲ್ಲ," ಎಂದಳು. ಇಬ್ಬರೂ ನಕ್ಕೆವು. ಆಮೇಲೆ ಅವಳು ಬಹಳ ಹೊತ್ತು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬೆನ್ನು ನೋವಿರಬೇಕು.

ಮಾರ್ಚ್ 5

ಚಂದ್ರಿ ಗೇರು ಮರದ ಬುಡದಲ್ಲಿ ದೊಡ್ಡ ಗವಿ ತೋಡಿದ್ದಾಳೆ. ಬೆದೆಗೆ ಬಂದದ್ದು ಸಂಕ್ರಾಂತಿಗೂ ಮೊದಲು. ಗಂಡು ಸೇರಿಲ್ಲ, ಆದರೂ ಮೊಲೆ ಬಾತಿವೆ, ಹಾಲು ಜಿನುಗುತ್ತಿದೆ. ಕುರಿಯಲ್ಲಿ, ನಾಯಿಯಲ್ಲಿ ನೋಡಿದ್ದೇನೆ, ಸುಳ್ಳು ಬಸಿರು. ನನ್ನ ಹಳೆಯ ಚಪ್ಪಲಿಯನ್ನು ಗವಿಗೆ ಒಯ್ದು ನೆಕ್ಕುತ್ತ ಮಲಗಿರುತ್ತಾಳೆ. ಬೂದ್ಯಾ ಹತ್ತಿರ ಹೋದರೂ ಹಲ್ಲು ಕಿರಿಯುತ್ತಾಳೆ, ನನ್ನೊಬ್ಬಳನ್ನು ಬಿಡುತ್ತಾಳೆ. ಗವಿಯ ಬಾಯಲ್ಲಿ ಕೂತು ಅವಳ ತಲೆ ಸವರುತ್ತಿದ್ದೆ. ಇಲ್ಲದ ಮರಿಗೆ ಹಾಲು ತುಂಬಿಕೊಂಡು ಕಾಯುವ ತಾಯಿ. ಕಣ್ಣಲ್ಲಿ ನೀರು ಬಂತು.

ನಂದಾ ಒಳಗಿನಿಂದ ಕರೆದಳಂತೆ. ಕೇಳಲಿಲ್ಲ.

ಮಾರ್ಚ್ 18

ಫೋಂಡಾದ ಆಸ್ಪತ್ರೆಯಲ್ಲಿ ನಿನ್ನೆ ಹೆಣ್ಣು ಕೂಸು! ತಲೆ ತುಂಬ ಕೂದಲು, ಮುಷ್ಟಿ ಬಿಗಿದು ಹುಟ್ಟಿದ್ದಾಳೆ. ಬಾಳು ಅತ್ತುಬಿಟ್ಟ. ನಾನು ಅಳಲಿಲ್ಲ, ಹಾಡಿದೆ. ನರ್ಸು ಬೈದರೂ ಹಾಡಿದೆ.

ನಾಡಿದ್ದು ಮನೆಗೆ ಬರುತ್ತಾರೆ. ಆ ಇಬ್ಬರದೇ ಯೋಚನೆ ಹತ್ತಿತ್ತು, ಬೂದ್ಯಾ ಮತ್ತು ಚಂದ್ರಿಯದು. ಹೊಸ ಜೀವವನ್ನು ಅವು ಹೇಗೆ ತೆಗೆದುಕೊಳ್ಳುತ್ತವೆ? ಯೋಚಿಸುತ್ತ ಯೋಚಿಸುತ್ತ ದಾರಿ ಹೊಳೆಯಿತು, ಅದೂ ನಮ್ಮಪ್ಪನ ದಾರಿಯೇ. ತಾಯಿ ಸತ್ತ ಮರಿಯನ್ನು, ಮರಿ ಸತ್ತ ಕುರಿಗೆ ಹಚ್ಚುತ್ತಾರೆ. ಸತ್ತ ಮರಿಯ ಮೈಯ ನೀರನ್ನು ಈ ತಬ್ಬಲಿಗೆ ಸವರಿ ಮೂಗಿನ ಹತ್ತಿರ ಹಿಡಿಯುತ್ತಾರೆ. ಕುರಿ ಮೂಸಿ ಮೂಸಿ, ನನ್ನದೇ ಅಂದುಕೊಂಡು ನೆಕ್ಕುತ್ತದೆ. ಒಮ್ಮೆ ನೆಕ್ಕಿತೋ, ಆಮೇಲೆ ಜೀವ ಹೋದರೂ ಬಿಡುವುದಿಲ್ಲ. ಎಷ್ಟು ಮರಿಗಳನ್ನು ನಾನೇ ಹಚ್ಚಿದ್ದೇನೆ!

ಕೂಸನ್ನು ಮೊದಲು ಸುತ್ತಿದ ಬಟ್ಟೆಯನ್ನು ತೊಳೆಯದೆ ಚೀಲದಲ್ಲಿ ತಂದಿದ್ದೆ. ಇವತ್ತು ಬೆಳಿಗ್ಗೆ ಚಂದ್ರಿಯ ಮೂಗಿಗೆ ಹಿಡಿದೆ. ಮೂಸಿದಳು. ಮೈಯೆಲ್ಲ ನಡುಗಿತು. ಆಮೇಲೆ ಮೆಲ್ಲಗೆ ಬಾಯಲ್ಲಿ ಹಿಡಿದು ಗವಿಗೆ ಒಯ್ದು, ಸುತ್ತಲೂ ಮೈ ಹಾಕಿ ಮಲಗಿದಳು. ಚಪ್ಪಲಿಯನ್ನು ಹೊರಗೆ ಎಸೆದಿದ್ದಾಳೆ.

ಹತ್ತಿತು. ಮರಿ ಹತ್ತಿತು.

ಮಾರ್ಚ್ 22

ಧಾಮಿಬಾಯಿ ಸಿಟ್ಟು ಮರೆತು ಕೂಸನ್ನು ನೋಡಲು ಬಂದಳು. ಬಟ್ಟೆಯ ವಿಷಯ ಹೇಳಿದೆ. ಅವಳು ಬಾಯಿ ಮೇಲೆ ಕೈ ಇಟ್ಟಳು.

"ಕುರಿಗಿ ಹಚ್ಚಿದ್ರ ಕುರಿ ಹಾಲ ಕೊಡತೈತಿ. ಇದು ಏನ ಕೊಡತೈತಿ, ಹುಚ್ಚಿ?"

"ಕಾವಲ ಕೊಡತೈತಿ."

"ನಂದಾಗ ಹೇಳಿಯೇನ?"

"ಬಾಣಂತಿಗೆ ಯಾಕ ಇಲ್ಲದ ಅಂಜಿಕಿ?"

ಕೂಸು ಅತ್ತಾಗಲೆಲ್ಲ ಚಂದ್ರಿ ಎದ್ದು ನಿಲ್ಲುತ್ತಾಳೆ. ಕಿವಿ ಮುಂದೆ, ಮೈಯೆಲ್ಲ ಕಿವಿ. ಅಳು ನಿಂತ ಮೇಲೆಯೇ ಕೂರುವುದು. ಇಂಥ ಕಾವಲು ಯಾವ ರಾಜನ ಮಗಳಿಗಿದೆ?

ಮಾರ್ಚ್ 27

ಆದದ್ದನ್ನು ಆದ ಹಾಗೇ ಬರೆದಿಡುತ್ತೇನೆ.

ಹಗಲು, ಎರೆಯುವ ಹೊತ್ತು. ಕೂಸಿಗೆ ಎರೆದು, ಬಟ್ಟೆ ಸುತ್ತಿ, ತೊಟ್ಟಿಲಿಗೆ ಹಾಕಿದ್ದೆ. ನಂದಾಳನ್ನು ಬಚ್ಚಲಲ್ಲಿ ಕೂರಿಸಿ ಬೆನ್ನಿಗೆ ಬಿಸಿನೀರು ಹಾಕುತ್ತಿದ್ದೆ. ನೀರಿನ ಸದ್ದಿನಲ್ಲಿ ಕೂಸು ಅತ್ತದ್ದು ನನಗೆ ಕೇಳಲಿಲ್ಲ. ಚಂದ್ರಿಗೆ ಕೇಳಿತು. ಜಾಲರಿಯ ಬಾಗಿಲಿಗೆ ಕೀಲಿ ಹಾಕಿರಲಿಲ್ಲ. ಈಚೆಗೆ ಹಾಕುವುದನ್ನೇ ಬಿಟ್ಟಿದ್ದೆ. ಮನೆಯ ಬಾಗಿಲಿನ ಹಿಡಿಕೆ ಒತ್ತುವುದು ಅವಳಿಗೆ ಮೊದಲಿನಿಂದ ಗೊತ್ತು.

ನಂದಾಳ ಮೈ ಒಮ್ಮೆಲೇ ಬಿಗಿಯಿತು. "ಅವ್ವಾ, ಅಳು ಹೊರಗಿಂದ ಬರಾಕತ್ತೈತಿ."

ಒದ್ದೆ ಸೀರೆಯಲ್ಲೇ ಓಡಿದಳು. ನಾನು ಹಿಂದೆ. ಚಂದ್ರಿ ಬಟ್ಟೆಯ ಗಂಟನ್ನು ಬಾಯಲ್ಲಿ ಹಿಡಿದು, ತಲೆ ಎತ್ತಿಕೊಂಡು, ಮರಿ ಒಯ್ಯುವ ತಾಯಿಯ ಹಾಗೆ ಜೋಪಾನವಾಗಿ ಗೇರು ಮರದ ಕಡೆ ಹೋಗುತ್ತಿದ್ದಳು. ಅವಳಿಗೆ ಕೆಡುಕು ಮಾಡುವ ಮನಸ್ಸಿರಲಿಲ್ಲ. ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಕೂಸಿನ ಮೈಗೆ ಒಂದು ಹಲ್ಲೂ ನಾಟಿಲ್ಲ, ತೊಡೆಯ ಮೇಲೆ ಒಂದು ಗೀರು ಅಷ್ಟೇ.

ನಂದಾ ಹೋಗಿ ಗಂಟಿಗೆ ಕೈ ಹಾಕಿದಳು. ಚಂದ್ರಿಯ ಕಣ್ಣಿಗೆ ಅವಳು ಮರಿ ಕದಿಯಲು ಬಂದವಳು. ಗಂಟನ್ನು ಕೆಳಗಿಟ್ಟು ನಂದಾಳ ಬಲಗೈ ಹಿಡಿದಳು. ಎಲುಬಿನ ಸದ್ದು ನನಗೆ ಕೇಳಿತು. ನಂದಾ ಎಡಗೈಯಿಂದ ಕೂಸನ್ನು ಹೊಟ್ಟೆಯ ಕೆಳಗೆ ಎಳೆದುಕೊಂಡು ಅದರ ಮೇಲೆ ಬೋರಲಾಗಿ ಬಿದ್ದಳು. ನಾನು ಚಂದ್ರಿಯ ಕುತ್ತಿಗೆ ತಬ್ಬಿ ಹಿಡಿದೆ. ಅವಳ ಎದೆ ಡೋಲಿನಂತೆ ಬಡಿಯುತ್ತಿತ್ತು. ಬಿಡಿಸಲು ಎಷ್ಟು ಹೊತ್ತಾಯಿತೋ.

ಉಸ್ಮಾನ ಕೋಳಿ ಚೀಲ ತಂದವನು ಗೇಟಿನಲ್ಲೇ ಇದ್ದ. ಅವನ ಕಾರಿನಲ್ಲಿ ಇಬ್ಬರನ್ನೂ ಕಳಿಸಿದೆ. ಕೂಗು ಕೇಳಿ ಓಡಿ ಬಂದಿದ್ದ ಧಾಮಿಬಾಯಿ ಜೊತೆಗೆ ಹತ್ತಿದಳು. ನಾನು ಆಮೇಲೆ ಬರುತ್ತೇನೆ ಎಂದೆ. ಚಂದ್ರಿ ಗವಿಯೊಳಗೆ ಹೋಗಿ ನಡುಗುತ್ತಿದ್ದಳು. ಅವಳನ್ನು ಹಾಗೇ ಬಿಟ್ಟು ಹೋಗಲು ಆಗಲಿಲ್ಲ.

ಮಾರ್ಚ್ 30, ಯುಗಾದಿ

ಆಸ್ಪತ್ರೆಗೆ ಹೋಗಿದ್ದೆ. ನಂದಾಳ ಕೈಗೆ ಕೊಯ್ದು ಹೊಲಿದಿದ್ದಾರೆ. ನರ ಹರಿದಿದೆ, ಬೆರಳು ಇನ್ನು ಮಡಚುವುದು ಕಷ್ಟ ಎಂದರಂತೆ ಡಾಕ್ಟರು. ಹುಚ್ಚುನಾಯಿಯ ಸೂಜಿ ಇಬ್ಬರಿಗೂ ಹಾಕುತ್ತಿದ್ದಾರೆ, ಅಷ್ಟು ಸಣ್ಣ ಕೂಸಿಗೂ. ಕೂಸನ್ನು ಬಾಳು ಎದೆಗೆ ಹಿಡಿದುಕೊಂಡಿದ್ದ, ನನ್ನ ಕೈಗೆ ಕೊಡಲಿಲ್ಲ.

ಬಟ್ಟೆಯ ವಿಷಯ ಧಾಮಿಬಾಯಿ ಹೇಳಿಬಿಟ್ಟಿದ್ದಾಳೆ.

ನಂದಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೂರು ನೋಡುತ್ತ ಮಲಗಿದ್ದವಳು, "ಅವ್ವಾ, ನೀ ಮೊದಲ ಯಾರನ್ನ ಹಿಡದಿ?" ಎಂದಳು.

"ಅದನ್ನ ಹಿಡೀಲಿಲ್ಲಂದ್ರ ನಿನ್ನ ಗಂಟಲಕ ಬರ್ತಿತ್ತಲ್ಲೇ ಮಗಳ."

"ಹೌದು, ಅದು ಖರೇ. ಹಿಡದು ಏನಂದಿ, ನೆನಪೈತಿ?"

"ಏನಂದೆ?"

"'ಅಂಜಬ್ಯಾಡ ನನ್ನವ್ವ, ನಾ ಅದೇನಿ' ಅಂದಿ." ಮುಖ ಗೋಡೆಯ ಕಡೆ ತಿರುಗಿಸಿದಳು. "ನನಗಲ್ಲ. ಅದರ ಕಿವ್ಯಾಗ."

ನನಗೆ ನೆನಪಿಲ್ಲ. ಅಂದಿದ್ದರೂ ಅದನ್ನು ಸಮಾಧಾನ ಮಾಡಲಿಕ್ಕೇ ಅಂದಿರಬೇಕು. ಪ್ರಾಣಿಯನ್ನು ಹಿಡಿಯುವಾಗ ಹಾಗೆಯೇ ಅನ್ನುವುದು. ಸಂಜೆ ಇವುಗಳಿಗೆ ಹಾಕುವ ಹೊತ್ತಾಗುತ್ತದೆಂದು ಮೂರರ ಬಸ್ಸಿಗೆ ಹೊರಟೆ. ಬೇವು-ಬೆಲ್ಲ ಒಯ್ದಿದ್ದೆ. ಯಾರೂ ತಿನ್ನಲಿಲ್ಲ.

ಏಪ್ರಿಲ್ 3

ಊರವರು ಬಂಗಲೆಯ ಮುಂದೆ ಬಂದು ಕೂಗಾಡಿದರು. ಪಂಚಾಯತಿಗೆ ಅರ್ಜಿ ಕೊಡುತ್ತಾರಂತೆ. ಮಧ್ಯಾಹ್ನ ಸಾಹೇಬರು ಮೊಬೈಲಿನಲ್ಲಿ ಮುಖ ತೋರಿಸಿ ಮಾತಾಡಿದರು. ಇಂಥವನ್ನು ಸಾಕುವುದೇ ತಂಟೆ, ಡಾಕ್ಟರನ್ನು ಕಳಿಸುತ್ತೇನೆ, ಹೆಣ್ಣಿಗೆ ಸೂಜಿ ಹಾಕಿ ಕಾಯಂ ಮಲಗಿಸಿಬಿಡಲಿ, ಗಂಡನ್ನು ಯಾರಿಗಾದರೂ ಕೊಡೋಣ ಎಂದರು. ಎಷ್ಟು ಹಗುರವಾಗಿ ಅಂದರು! ಚಿಕ್ಕ ಮರಿಯಿದ್ದಾಗ ತೊಡೆಯ ಮೇಲೆ ಹಾಕಿಕೊಂಡು ಫೋಟೋ ತೆಗೆಸಿಕೊಂಡವರು.

ನನ್ನ ಹಿಂದಿ ಹರಕು ಮುರುಕು. ಆದರೂ ಇವತ್ತು ಎಲ್ಲಿಂದಲೋ ಬಂತು. ಚಂದ್ರಿಯದು ತಪ್ಪಿಲ್ಲ, ಹಾಲು ಬತ್ತಿದ ಮೇಲೆ ಸರಿಹೋಗುತ್ತಾಳೆ, ಕೀಲಿ ಹಾಕುತ್ತೇನೆ ಎಂದೆ. ಅವರು ತಲೆ ಅಲ್ಲಾಡಿಸುತ್ತಲೇ ಇದ್ದರು. ಕಡೆಗೆ ಹೇಳಿದೆ, "ಸಾಹೇಬ್, ಇನ್ನು ಮೇಲೆ ಭಯ ಇಲ್ಲ. ನನ್ನ ಮಗಳು, ಮೊಮ್ಮಗಳು ಈ ಮನೆಗೆ ಕಾಲಿಡುವುದಿಲ್ಲ. ನಾನು ಬರೆದು ಕೊಡುತ್ತೇನೆ."

ಸಾಹೇಬರ ತಲೆ ಅಲ್ಲಾಡುವುದು ನಿಂತಿತು. ಸರಿ, ಮಳೆಗಾಲದವರೆಗೆ ನೋಡೋಣ ಎಂದರು.

ಗೆದ್ದೆ! ಗವಿಯ ಹತ್ತಿರ ಓಡಿಹೋಗಿ ಚಂದ್ರಿಗೆ ಹೇಳಿದೆ. ಬಹಳ ದಿನಗಳ ಮೇಲೆ ಇವತ್ತು ಊಟ ರುಚಿಸಿತು.

ಏಪ್ರಿಲ್ 8

ಬಾಳು ಬಂದಿದ್ದ. ಗೇಟಿನ ಹೊರಗೇ ನಿಂತ. ಗಡ್ಡ ಬಿಟ್ಟಿದ್ದಾನೆ, ಕೆಲಸಕ್ಕೆ ಹೋಗಿ ಎಷ್ಟು ದಿನವಾಯಿತೋ.

"ಅತ್ತಿ, ಬರ್ರಿ ನನ್ನ ಜೋಡಿ. ನಂದಾಗ ಕೂಸು ಎತ್ತಾಕ ಬರವಲ್ದು. ಮೊಲಿಗಿ ಹಚ್ಚಾಕೂ ಇನ್ನೊಬ್ಬರು ಹಿಡೀಬೇಕು. ಬಾಜೂ ಖೋಲಿ ಸಕೀನಾ ಅಕ್ಕಾ ಎರೀತಾರ, ಅವರಿಗೂ ಅವರ ಮಕ್ಕಳು ಮರಿ ಅದಾವ."

"ನಂದಾ ಕರದಳೇನ್ರಿ?"

"ಆಕಿ ಬಾಯಿಲೆ ಕರದಿಲ್ಲ. ಆದ್ರ ಬಾಗಿಲ ಸಪ್ಪಳಾದ್ರ ತಿರುಗಿ ನೋಡ್ತಾಳ."

"ಬರ್ತೀನ್ರಿ. ಹೆಂಗ ಬರಲಿ ಅಂತ ಹೇಳ್ರಿ? ಇವಕ್ಕ ಹಾಕಾಕ ಯಾರೂ ಇಲ್ಲ. ಉಸ್ಮಾನಂತೂ ಗೇಟ ದಾಟಂಗಿಲ್ಲ. ಸೋಮವಾರ ಏನರ ದಾರಿ ಮಾಡಿ ಬರ್ತೀನಿ."

"ಯಾವ ಸೋಮವಾರ, ಅತ್ತಿ?"

ಅಷ್ಟು ಮೆಲ್ಲಗೆ ಕೇಳಿದ. ಕೋಳಿ ಹಾಕುವ ಹೊತ್ತಾಗಿತ್ತು, ಒಳಗೆ ಬಂದೆ.

ಏಪ್ರಿಲ್ 14, ಸೋಮವಾರ

ಬೂದ್ಯಾನಿಗೆ ಹೊಟ್ಟೆ ಕೆಟ್ಟಿದೆ. ಮಜ್ಜಿಗೆ ಕುಡಿಸಿದೆ. ಹೋಗಲಾಗಲಿಲ್ಲ.

ಏಪ್ರಿಲ್ 16

ಚಂದ್ರಿಯ ಹಾಲು ಬತ್ತಿತು. ಗವಿ ಬಿಟ್ಟು ಬಂದು ಒಳಕೋಣೆಯಲ್ಲಿ ಮಲಗಿದಳು. ಹೊರಸು ಹೊರಗೆ ಹಾಕಿದ್ದೇನೆ, ಅವಳಿಗೆ ನೆಲವೇ ತಂಪು. ಸಂಜೆ ಮೂವರೂ ಹಾಡಿದೆವು.

ಏಪ್ರಿಲ್ 20

ನಿನ್ನೆ ದಾಬೋಲಿಮ್‌ನಲ್ಲಿ ಕೂಸಿಗೆ ಹೆಸರಿಟ್ಟರಂತೆ. ಧಾಮಿಬಾಯಿಯನ್ನು ಕರೆದಿದ್ದರು. ಇವತ್ತು ಬೆಳಿಗ್ಗೆ ಗುಗ್ಗರಿ ಕಟ್ಟಿಕೊಂಡು ಬಂದಳು. ಗೇಟಿನ ಸರಳಿನ ಸಂದಿಯಿಂದ ಗಂಟು ಕೊಟ್ಟಳು, ಒಳಗೆ ಬರಲಿಲ್ಲ.

"ಕೂಸು ಹೆಂಗೈತಿ?"

"ಗುಂಡಾಗೈತಿ. ತೊಡಿ ಮ್ಯಾಲಿನ ಗೀರು ಮಾದೈತಿ. ಸಕೀನಾ ತೊಟ್ಟಿಲಕ ಹಾಕಿದ್ಲು."

"ನಂದಾ?"

"ಎಡಗೈಲೆ ತೊಟ್ಟಿಲ ತೂಗಾಕ ಕಲ್ತಾಳ."

"ಹೆಸರೇನ ಇಟ್ರು?"

ಧಾಮಿಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಸತ್ಯವ್ವ."

"ನನ್ನ ಹೆಸರ?"

"ಬಾಳು ಬ್ಯಾಡಂದ. ಸಕೀನಾನೂ ತಿಳಿಸಿ ಹೇಳಿದ್ಲು. ನಂದಾನ ಹಟಾ ಹಿಡದು ಇಟ್ಲು. ಕೂಸಿನ ಕಿವ್ಯಾಗ ತಾನ ಊದಿದ್ಲು."

ನನಗೆ ಎದೆ ತುಂಬಿ ಬಂತು. ನೋಡಿದೆಯಾ, ಸಿಟ್ಟೆಲ್ಲ ಮೇಲೆ ಮೇಲಿನದು, ಒಳಗೆ ಅವ್ವನ ಮೇಲೆ ಜೀವ ಇದ್ದೇ ಇದೆ ಎಂದೆ. ಧಾಮಿಬಾಯಿ ನನ್ನನ್ನೇ ನೋಡುತ್ತಿದ್ದಳು.

"ತಂಗೀ, ಇದ್ದವರ ಹೆಸರ ಇಡ್ತಾರೇನ ನಿಮ್ಮ ಮಂದ್ಯಾಗ?"

ಇಡುವುದಿಲ್ಲ, ಅದು ನಿಜ. ನಮ್ಮಲ್ಲಿ ಕೂಸಿಗೆ ಇಡುವುದು ತೀರಿಹೋದವರ ಹೆಸರು. ಆದರೆ ನಂದಾ ಚಿಕ್ಕಂದಿನಿಂದ ಗೋವಾದಲ್ಲಿ ಬೆಳೆದವಳು, ಊರ ಪದ್ಧತಿ ಅವಳಿಗೆಲ್ಲಿ ಗೊತ್ತಿರಬೇಕು, ಎಂದೆ. ಧಾಮಿಬಾಯಿ ಸರಳಿನ ಒಳಗೆ ಕೈ ಹಾಕಿ ನನ್ನ ಕೆನ್ನೆ ಮುಟ್ಟಿದಳು. ಇಳಿದು ಹೋದಳು. ಅವಳಿಗೂ ವಯಸ್ಸಾಯಿತು.

ಮಳೆ ಹಿಡಿಯುವುದರೊಳಗೆ ಒಂದು ಸಲ ಹೋಗಿ ನನ್ನ ಹೆಸರಿನವಳನ್ನು ನೋಡಿ ಬರಬೇಕು. ಈ ವಾರ ಆಗಲಿಕ್ಕಿಲ್ಲ. ಸೆಖೆ ಏರಿದೆ, ಚಂದ್ರಿಯ ಕೂದಲು ಉದುರುವ ಕಾಲ, ದಿನಾ ಬಾಚಬೇಕು.